ಟರ್ಬೊ ಕಾರಿನ ಎಕ್ಸಾಸ್ಟ್‌ಗೆ ಸೆನ್ಸರ್: ಯಾವುದು ಎಲ್ಲಿ ಕೂರಬೇಕು, ಏಕೆ

ಟರ್ಬೊ ಪೆಟ್ರೋಲ್ ಕಾರೊಂದು ಚಾರ್ಮಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ, ಬೂಸ್ಟ್ (ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಬಿಡದೆ ಏರುತ್ತಿದೆ ಎಂದಿಟ್ಟುಕೊಳ್ಳಿ. ಟರ್ಬೊದೊಳಗಿನ ಟರ್ಬೈನ್ ಚಕ್ರಕ್ಕೆ ಬಡಿಯುವ ಹೊಗೆ ಆಗ 900 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬಹುದು. ಅದರ ಒತ್ತಡ ಹೊರಗಿನ ಗಾಳಿಗಿಂತ ಒಂದೂವರೆ ಬಾರ್‌ನಷ್ಟು ಹೆಚ್ಚಿರಬಹುದು. ಅದೇ ಹೊಗೆ ಚಕ್ರ ತಿರುಗಿಸಿ ಆಚೆ ಬರುವಾಗ ನೂರರಿಂದ ಇನ್ನೂರು ಡಿಗ್ರಿ ತಣಿದಿರುತ್ತದೆ, ಒತ್ತಡವೂ ಬಹುಪಾಲು ಇಳಿದಿರುತ್ತದೆ. ಈ ಎರಡು ಜಾಗಗಳ ನಡುವೆ ಒಂದು ಗೇಣು ಅಂತರವೂ ಇಲ್ಲ. ಹಾಗಾಗಿ ಸೆನ್ಸರ್ ಯಾವ ಕಂಪನಿಯದು ಎಂದು ಚರ್ಚಿಸುವ ಮೊದಲು ತೂತು ಎಲ್ಲಿ ಕೊರೆಯುವುದು ಎಂದು ತೀರ್ಮಾನವಾಗಬೇಕು. ಸೆನ್ಸರನ್ನು ನಾಳೆ ಬದಲಿಸಬಹುದು, ತೂತನ್ನು ಸರಿಸಲಿಕ್ಕೆ ಬರುವುದಿಲ್ಲ.

ಸಾಮಾನ್ಯವಾಗಿ ಹಾಕುವುದು ಮೂರು. ಗಾಳಿ–ಇಂಧನದ ಪ್ರಮಾಣ ಹೇಳುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಟರ್ಬೈನ್‌ನ ನಂತರ, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ (ಕ್ಯಾಟ್) ಮೊದಲು ಕೂರಬೇಕು. ಹೊಗೆಯ ಬಿಸಿ ಅಳೆಯುವ ಇಜಿಟಿ ಪ್ರೋಬ್ ಟರ್ಬೈನ್‌ನ ಮೊದಲು ಕೂರಬೇಕು. ಬ್ಯಾಕ್ ಪ್ರೆಶರ್ (ಹೊರಹೋಗಲಾಗದೆ ತಡೆದು ನಿಂತ ಹೊಗೆಯ ಒತ್ತಡ) ಅಳೆಯುವ ನಳಿಕೆಯ ಮುಖ್ಯ ಜಾಗವೂ ಟರ್ಬೈನ್‌ನ ಮೊದಲೇ. ಅದಲುಬದಲಾದರೆ ಗೇಜಿನಲ್ಲಿ ಅಂಕಿ ಬರುವುದು ನಿಲ್ಲುವುದಿಲ್ಲ, ಅದೇ ತೊಂದರೆ. ಅಂಕಿ ಕಾಣುತ್ತಿರುತ್ತದೆ, ಅದನ್ನು ನಂಬಿ ಟ್ಯೂನ್ ಮಾಡುತ್ತೇವೆ.

ಡ್ರಿಲ್ ಎತ್ತಿಕೊಳ್ಳುವ ಮೊದಲು ಕಾರಿನ ಕಂಪ್ಯೂಟರಿನ ಅಂಕಿ ಓದುವ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ನೋಡಿ. ಈಗಿನ ಅನೇಕ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಕ್ಯಾಟ್‌ಗೆ ಮುಂಚಿನ ಸೆನ್ಸರ್ ಕಂಪನಿಯಿಂದಲೇ ವೈಡ್‌ಬ್ಯಾಂಡ್ ಆಗಿರುತ್ತದೆ, ಲ್ಯಾಂಬ್ಡಾ ಅಂಕಿಯನ್ನು (ಗಾಳಿ–ಇಂಧನ ಸರಿಪ್ರಮಾಣದಲ್ಲಿದ್ದರೆ 1, ಇಂಧನ ಹೆಚ್ಚಿದ್ದರೆ ಅದಕ್ಕಿಂತ ಕಡಿಮೆ) ಸ್ಕ್ಯಾನರಿನಲ್ಲೇ ಓದಬಹುದು. ಬಿಎಸ್6 ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಕಾಪಾಡಲಿಕ್ಕೆಂದೇ ಹೊಗೆಯ ಬಿಸಿ ಅಳೆಯುವ ಸೆನ್ಸರುಗಳಿರುತ್ತವೆ. ಬೂಸ್ಟ್ ಹೆಚ್ಚಿಸದೆ ಬರೀ ಕುತೂಹಲಕ್ಕೆ ನೋಡುವವರಿಗೆ ಅಷ್ಟು ಸಾಕು. ಪೈಪ್ ಕೊರೆಯುವುದು ಬೇಡ.

ವೈಡ್‌ಬ್ಯಾಂಡ್: ಟರ್ಬೊದ ಆಚೆ, ಆದರೆ ಎಷ್ಟು ಆಚೆ?

ಬಾಷ್ ಎಲ್‌ಎಸ್‌ಯು 4.9 ಈಗ ಹೆಚ್ಚು ಬಳಕೆಯಲ್ಲಿರುವ ಸೆನ್ಸರ್. ಒಳಗಿನ ಸಿರಾಮಿಕ್ ಕಡ್ಡಿಯನ್ನು ಅದರ ಹೀಟರ್ ಸುಮಾರು 780 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಕಡ್ಡಿಯಲ್ಲಿ ಒಂದು ಸಣ್ಣ ಕೋಣೆಯಿದೆ, ಅದಕ್ಕೆ ಹೊಗೆ ಒಂದು ಸಪೂರ ದಾರಿಯಿಂದ ನುಸುಳುತ್ತದೆ. ಕೋಣೆಯೊಳಗೆ ಆಮ್ಲಜನಕ ಹೆಚ್ಚೂ ಕಡಿಮೆಯೂ ಆಗದಂತೆ ಕಂಟ್ರೋಲರ್ ವಿದ್ಯುತ್ ಹರಿಸಿ ಆಮ್ಲಜನಕವನ್ನು ಒಳಗೆ ಅಥವಾ ಹೊರಗೆ ತಳ್ಳುತ್ತದೆ. ಎಷ್ಟು ವಿದ್ಯುತ್ ಬೇಕಾಯಿತು ಎಂಬುದರಿಂದ ಲ್ಯಾಂಬ್ಡಾ ಲೆಕ್ಕ ಹಾಕುತ್ತದೆ.

ಒತ್ತಡದ ತೊಡಕು ಬರುವುದು ಈ ಸಪೂರ ದಾರಿಯಲ್ಲೇ. ಹೊರಗೆ ಒತ್ತಡ ಹೆಚ್ಚಾದಷ್ಟು ಅನಿಲ ಜಾಸ್ತಿ ನುಸುಳುತ್ತದೆ, ಪಂಪ್ ಮಾಡುವ ವಿದ್ಯುತ್ ಏರುತ್ತದೆ, ಗೇಜ್ ಎಲ್ಲವನ್ನೂ ಉಬ್ಬಿಸಿ ತೋರಿಸುತ್ತದೆ. ಲ್ಯಾಂಬ್ಡಾ ಸರಿಯಾಗಿ 1 ಇದ್ದಾಗ ತಪ್ಪು ಕಾಣುವುದಿಲ್ಲ. ಲೀನ್ (ಇಂಧನ ಕಡಿಮೆ) ಇದ್ದರೆ ಇನ್ನೂ ಲೀನ್, ರಿಚ್ (ಇಂಧನ ಹೆಚ್ಚು) ಇದ್ದರೆ ಇನ್ನೂ ರಿಚ್ ಎಂದು ಕಾಣುತ್ತದೆ. ಟರ್ಬೊ ಎಂಜಿನ್ ಪೂರ್ತಿ ಬೂಸ್ಟ್‌ನಲ್ಲಿ ಓಡುವುದು ರಿಚ್ ಕಡೆಯಲ್ಲಿ, ಸಾಮಾನ್ಯವಾಗಿ ಲ್ಯಾಂಬ್ಡಾ 0.78ರಿಂದ 0.85ರ ನಡುವೆ. ಸೆನ್ಸರನ್ನು ಟರ್ಬೈನ್‌ಗೆ ಮುಂಚಿನ ಮ್ಯಾನಿಫೋಲ್ಡಿನಲ್ಲಿ (ಎಲ್ಲ ಸಿಲಿಂಡರುಗಳ ಹೊಗೆ ಬಂದು ಸೇರುವ ಕೊಳವೆ) ಕೂರಿಸಿದರೆ ನಿಜವಾದ 0.82 ಕೂಡ ಅದಕ್ಕಿಂತ ಕೆಳಗಿನ ಅಂಕಿಯಾಗಿ ಕಾಣುತ್ತದೆ. ಟ್ಯೂನ್ ಮಾಡುವವರು ‘ಪೆಟ್ರೋಲ್ ಜಾಸ್ತಿಯಾಯಿತು’ ಎಂದು ಕಡಿಮೆ ಮಾಡುತ್ತಾರೆ. ಪರದೆಯ ಮೇಲೆ ಎಲ್ಲ ಚಂದ, ಸಿಲಿಂಡರಿನೊಳಗೆ ನಾಕಿಂಗ್, ಅಂದರೆ ಇಂಧನ ಹದ ತಪ್ಪಿ ಸಿಡಿಯುವುದು. ಪಿಸ್ಟನ್ ಒಡೆದ ಮೇಲೂ ಗೇಜ್ ಸರಿಯಾಗಿಯೇ ಇತ್ತು ಎಂದು ವಾದ ನಡೆಯುತ್ತಿರುತ್ತದೆ.

ಇನ್ನೊಂದು ತೊಡಕು ಬಿಸಿ. ಈ ಸೆನ್ಸರ್ ನಿರಂತರವಾಗಿ ತಡೆಯುವ ಹೊಗೆಯ ಬಿಸಿ 930 ಡಿಗ್ರಿ, ಸ್ವಲ್ಪ ಹೊತ್ತಿಗೆ ಮಾತ್ರ 1,030. ಪಾನಾ ಹಾಕುವ ಷಟ್ಕೋನ ಭಾಗ 600 ಡಿಗ್ರಿಯ ಒಳಗಿರಬೇಕು, ವೈರ್ ಹೊರಡುವ ಕುತ್ತಿಗೆ 250ರ ಒಳಗೆ. ಗೇಜ್ ಕೆಟ್ಟಿತು ಎಂದು ಬರುವ ಅನೇಕ ಕೇಸುಗಳಲ್ಲಿ ನಿಜವಾಗಿ ಬೆಂದಿರುವುದು ಈ ಕುತ್ತಿಗೆ. ತುದಿ ಸರಿಯಾಗಿಯೇ ಇರುತ್ತದೆ.

ಹಾಗಾಗಿ ಟರ್ಬೈನ್ ಬಾಯಿಯಿಂದ ಸುಮಾರು 45ರಿಂದ 90 ಸೆಂ.ಮೀ. ದೂರ ಒಳ್ಳೆಯ ಜಾಗ, 60 ಸೆಂ.ಮೀ. ಸಿಕ್ಕಿದರೆ ಇನ್ನೇನೂ ಯೋಚಿಸಬೇಕಾಗಿಲ್ಲ. ಅಷ್ಟು ದೂರ ಬರುವಾಗ ಎಲ್ಲ ಸಿಲಿಂಡರುಗಳ ಹೊಗೆ, ವೇಸ್ಟ್‌ಗೇಟ್‌ನಿಂದ (ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಕವಾಟ) ಬಂದ ಹೊಗೆ ಎಲ್ಲ ಕಲೆತಿರುತ್ತವೆ. ವೇಸ್ಟ್‌ಗೇಟಿನ ಪೈಪ್ ಡೌನ್‌ಪೈಪಿಗೆ (ಟರ್ಬೊದಿಂದ ಹೊರಡುವ ಪೈಪ್) ಸೇರುವ ಕಡೆಗಿಂತ ಮೊದಲು ಬಂಗ್ ಹಾಕಬೇಡಿ. ಬಂಗ್ ಎಂದರೆ ಪೈಪಿಗೆ ವೆಲ್ಡ್ ಮಾಡುವ, ಒಳಗೆ ಥ್ರೆಡ್ ಇರುವ ದಪ್ಪ ಬಳೆ. ವೇಸ್ಟ್‌ಗೇಟಿನ ಹೊಗೆ ನೇರ ಸೆನ್ಸರಿಗೆ ಬಡಿದರೆ ಅದು ಟರ್ಬೈನ್‌ನಲ್ಲಿ ತಣಿಯದೆ ಬಂದ ಹೊಗೆ, ಬಿಸಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಈಗಿನ ಸಣ್ಣ ಟರ್ಬೊ ಕಾರುಗಳಲ್ಲಿ ಈ ದೂರ ಸಿಗುವುದೇ ಇಲ್ಲ. ಕ್ಯಾಟ್ ಟರ್ಬೊಗೆ ಅಂಟಿಕೊಂಡೇ ಇರುತ್ತದೆ, ನಡುವೆ ಹತ್ತು ಸೆಂ.ಮೀ. ಇದ್ದರೆ ಹೆಚ್ಚು. ಕ್ಯಾಟ್ ದಾಟಿದ ಮೇಲೆ ಹಾಕಿದರೆ ಹೊಗೆಯ ರಾಸಾಯನಿಕ ಸ್ಥಿತಿಯೇ ಬದಲಾಗಿರುತ್ತದೆ, ಕ್ಯಾಟ್ ಆಮ್ಲಜನಕವನ್ನು ಕೂಡಿಟ್ಟು ಬಿಡುವುದರಿಂದ ಅಂಕಿ ತಡವಾಗಿಯೂ ಮಂದವಾಗಿಯೂ ಬರುತ್ತದೆ. ಇಂಥ ಕಾರಿನಲ್ಲಿ ಕಂಪನಿ ಸೆನ್ಸರ್ ಇರುವ ಜಾಗವನ್ನೇ ಗೌರವಿಸಿ ಅದರ ಅಂಕಿ ಓದುವುದು ಜಾಣತನ. ಪ್ರತ್ಯೇಕ ಸೆನ್ಸರ್ ಬೇಕೇ ಬೇಕೆಂದಾದರೆ ಕ್ಯಾಟಿನ ಮುಂಚಿನ ಕೋನ್‌ನಲ್ಲಿ ಬಂಗ್ ಹಾಕಿ, ಬಂಗ್‌ಗೆ ಬಿಸಿ ಚೆಲ್ಲುವ ರೆಕ್ಕೆಗಳಿರುವ ಎತ್ತರದ ಅಡಾಪ್ಟರ್ ಸೇರಿಸಬೇಕು. ಎತ್ತರ ಹೆಚ್ಚಾದಷ್ಟು ತುದಿ ಹೊಗೆಯ ಹರಿವಿನಿಂದ ಹಿಂದೆ ಸರಿಯುತ್ತದೆ, ಉತ್ತರ ನಿಧಾನವಾಗುತ್ತದೆ. ಬಿಸಿಯಿಂದ ಉಳಿಸಿದ್ದಕ್ಕೆ ಕೊಡುವ ಬೆಲೆ ಅದು.

ಪೈಪಿನ ನಡುವೆ ಬಾಗಿ ಅಲುಗಾಡುವ ತುಂಡು, ಅಂದರೆ ಫ್ಲೆಕ್ಸ್ ಬೆಲ್ಲೋಸ್ ಇದ್ದರೆ ಬಂಗ್ ಅದರ ಮುಂಚೆ ಇರಲಿ. ಹೆಣೆದ ಬೆಲ್ಲೋಸ್ ಮೊದಲು ಸೀಳುವುದು ಒಳಪದರದಲ್ಲಿ, ಹೊರಗೆ ಕಾಣುವುದಿಲ್ಲ. ಅದರ ಆಚೆ ಸೆನ್ಸರ್ ಇದ್ದರೆ ಐಡ್ಲಿಂಗ್‌ನಲ್ಲಿ ಹೊಗೆಯ ಅಲೆಗಳ ನಡುವಿನ ತಗ್ಗಿನಲ್ಲಿ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಬಂದು ಎಂಜಿನ್ ಲೀನ್ ಆಗಿದೆ ಎಂದು ತೋರಿಸುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಆ ಅಂಕಿಯನ್ನೇ ನಂಬಿಕೊಂಡಿದ್ದರೆ ಪೆಟ್ರೋಲ್ ಸುರಿಯುತ್ತಾ ಹೋಗುತ್ತದೆ.

ಗಡಿಯಾರದ ಹತ್ತರಿಂದ ಎರಡು

ಪೈಪನ್ನು ಅಡ್ಡ ಕತ್ತರಿಸಿ ಗಡಿಯಾರದ ಮುಖದಂತೆ ನೋಡಿ. ಸೆನ್ಸರ್ ಹತ್ತು ಗಂಟೆಯಿಂದ ಎರಡು ಗಂಟೆಯ ನಡುವೆ ನಿಲ್ಲಬೇಕು. ತೀರಾ ಜಾಗ ಇಲ್ಲದಿದ್ದರೂ ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲೆ. ಮೂರಕ್ಕೆ, ಒಂಬತ್ತಕ್ಕೆ ಮಲಗಿಸುವುದು ತಪ್ಪು. ಅಡಿಯಿಂದ ಹಾಕುವುದಂತೂ ಸೆನ್ಸರಿಗೆ ನೀರು ಕುಡಿಸಿದ ಹಾಗೆ.

ಕಾರಣ ಮಳೆಯಲ್ಲ, ಎಂಜಿನ್ನೇ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ತಣ್ಣಗಿನ ಪೈಪಿನಲ್ಲಿ ಅದು ಹನಿಯಾಗಿ ನಿಲ್ಲುತ್ತದೆ. ಮಂಗಳೂರಿನ ಬೇಸಗೆಯಲ್ಲೂ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನ ತುದಿಯಿಂದ ನೀರು ತೊಟ್ಟಿಕ್ಕುವುದು ಅದಕ್ಕೇ. 780 ಡಿಗ್ರಿ ಕಾದ ಸಿರಾಮಿಕ್ ಕಡ್ಡಿಗೆ ಒಂದು ಹನಿ ತಾಗಿದರೆ ಅದು ಬಿರಿಯುತ್ತದೆ, ಒಲೆಯಿಂದಿಳಿಸಿದ ಗಾಜಿನ ಪಾತ್ರೆಗೆ ತಣ್ಣೀರು ಎರಚಿದಂತೆ. ಒಳ್ಳೆಯ ಕಂಟ್ರೋಲರ್ ಇದನ್ನು ತಿಳಿದೇ ಹೀಟರನ್ನು ಮೆಲ್ಲಗೆ ಏರಿಸುತ್ತದೆ. ನಾವು ಮಾಡಬೇಕಾದದ್ದು ಹೀಟರಿನ ವಿದ್ಯುತ್ ಎಂಜಿನ್ ಓಡುವಾಗ ಮಾತ್ರ ಬರುವ ಹಾಗೆ, ಸಾಧ್ಯವಾದರೆ ಫ್ಯುಯೆಲ್ ಪಂಪ್ ರಿಲೇಯ ಜೊತೆಗೆ, ವೈರಿಂಗ್ ಮಾಡುವುದು. ಕೀ ತಿರುಗಿಸಿಟ್ಟು ಹಾಡು ಕೇಳುತ್ತಾ ಕೂತರೆ ಸೆನ್ಸರ್ ಕಾಯುತ್ತಿರುತ್ತದೆ, ಆಮೇಲೆ ಸ್ಟಾರ್ಟ್ ಮಾಡಿದ ಕೂಡಲೇ ಪೈಪಿನ ನೀರು ಅದರ ಮೇಲೆ ಹಾರುತ್ತದೆ.

ಇದರ ತದ್ವಿರುದ್ಧ ತಪ್ಪೂ ಉಂಟು. ಗೇಜ್ ಬಿಚ್ಚಿಟ್ಟು, ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಕಾರು ಓಡಿಸುವುದು. ಹೀಟರ್ ಇಲ್ಲದ ತಣ್ಣನೆಯ ಕಡ್ಡಿಯ ಮೇಲೆ ಮಸಿ ಕೂತು ದಾರಿ ಮುಚ್ಚುತ್ತದೆ. ವಿದ್ಯುತ್ ಇಲ್ಲವೆಂದಾದರೆ ಸೆನ್ಸರ್ ಕಳಚಿ ಪ್ಲಗ್ ಹಾಕಬೇಕು.

ಬಂಗ್ ಕೂರಿಸುವ ಕೆಲಸ

ಥ್ರೆಡ್ ಎಂ18×1.5. ಲೇತ್‌ನಲ್ಲಿ ಮಾಡಿಸುವುದಾದರೆ 16.5 ಮಿ.ಮೀ. ಕೊರೆದು ಟ್ಯಾಪ್ ಹೊಡೆಸಬೇಕು. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳ ಲೇತ್‌ಗಳಿಗೆ ಇದು ದೊಡ್ಡ ಕೆಲಸವಲ್ಲ. ಮಾಪು ಬರೆದು ಕೊಡುವುದಕ್ಕಿಂತ ಹಳೆಯ ಸೆನ್ಸರೊಂದನ್ನು ಕೈಯಲ್ಲಿ ಕೊಡುವುದು ಒಳ್ಳೆಯದು, ತಿರುಗಿಸಿ ನೋಡಿಯೇ ಕೊಡುತ್ತಾರೆ. ಎತ್ತರ 12ರಿಂದ 15 ಮಿ.ಮೀ. ಇದ್ದರೆ ಸೆನ್ಸರಿನ ತುದಿಯ ತೂತುಗಳಿರುವ ಟೊಪ್ಪಿ ಹೊಗೆಯ ಹರಿವಿನೊಳಗೆ ಬರುತ್ತದೆ. ಎತ್ತರ ಜಾಸ್ತಿಯಾದರೆ ಟೊಪ್ಪಿ ಬಂಗ್‌ನ ಬಾವಿಯೊಳಗೇ ಉಳಿದು ಹಳೆಯ ಹೊಗೆಯನ್ನೇ ಮೂಸುತ್ತಿರುತ್ತದೆ.

ಪೈಪ್ ಕಾರಿನಿಂದ ಕೆಳಗಿಳಿಯಲೇಬೇಕು. ಕಾರಿನಲ್ಲೇ ವೆಲ್ಡ್ ಮಾಡುವುದು ಸಮಯ ಉಳಿತಾಯದಂತೆ ಕಾಣುತ್ತದೆ, ಆದರೆ ಕರೆಂಟ್ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಯಾರೂ ನೋಡಿರುವುದಿಲ್ಲ. ಅರ್ತ್ ಕ್ಲ್ಯಾಂಪನ್ನು ಎಂಜಿನ್ ಬ್ಲಾಕ್‌ಗೆ ಹಾಕಿದರೆ ಅದು ಟರ್ಬೊದ ಬೇರಿಂಗ್ ಮೂಲಕವೂ ಹರಿಯಬಹುದು, ಇಸಿಯುವಿನ ನೆಲದ ವೈರ್ ಮೂಲಕವೂ ಹರಿಯಬಹುದು. ಇಳಿಸುವಾಗ ನಮ್ಮ ಕರಾವಳಿ ಕಡೆಯ ದೊಡ್ಡ ಕಷ್ಟ ಸ್ಟಡ್‌ಗಳು. ಉಪ್ಪುಗಾಳಿಯಲ್ಲಿ ನಾಲ್ಕು ವರ್ಷ ಕಳೆದ ನಟ್ ಪಾನಾಕ್ಕೆ ಬಗ್ಗುವುದಿಲ್ಲ, ಸ್ಟಡ್ಡೇ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಬೆಳಗ್ಗೆ ನಟ್ಟಿಗೆ ಮಾತ್ರ ಗ್ಯಾಸ್ ಬಿಸಿ ಕೊಟ್ಟು, ಸ್ವಲ್ಪ ಬಿಗಿ ಸ್ವಲ್ಪ ಸಡಿಲ ಎಂದು ಆಡಿಸುತ್ತಾ ತೆಗೆಯಬೇಕು. ಹೊಸ ನಟ್, ಹೊಸ ಗ್ಯಾಸ್ಕೆಟ್ ಮೊದಲೇ ತಂದಿಟ್ಟಿರಿ.

ಹೆಚ್ಚಿನ ಕಂಪನಿ ಪೈಪುಗಳು ಆಯಸ್ಕಾಂತ ಹಿಡಿಯುವ ದರ್ಜೆಯ ಸ್ಟೇನ್‌ಲೆಸ್. ಅದಕ್ಕೆ 304 ಸ್ಟೇನ್‌ಲೆಸ್ ಬಂಗ್, ಆರ್ಗನ್ ವೆಲ್ಡಿಂಗ್, 308ಎಲ್ ಅಥವಾ 309ಎಲ್ ಫಿಲ್ಲರ್. ಮೈಲ್ಡ್ ಸ್ಟೀಲಿಗೆ ಸ್ಟೇನ್‌ಲೆಸ್ ಸೇರಿಸುವುದಾದರೆ 309ಎಲ್ ಒಂದೇ ದಾರಿ ಎಂದಿಟ್ಟುಕೊಳ್ಳಿ. ಸಾಧಾರಣ ಆರ್ಕ್ ರಾಡಿನಲ್ಲಿ ಹಿಡಿಸಿದ ಬಂಗ್ ಮೊದಲ ಮಳೆಗಾಲಕ್ಕೇ ವೆಲ್ಡಿನ ಅಂಚಿನಲ್ಲಿ ತುಕ್ಕು ಹಿಡಿದು ಎರಡನೆಯದಕ್ಕೆ ಸೋರುತ್ತದೆ. ಮಲ್ಪೆಯಲ್ಲಿ ದೋಣಿಗಳ ಸ್ಟೇನ್‌ಲೆಸ್ ಕೆಲಸ ಮಾಡುವವರಿಗೆ ಈ ಕೈಚಳಕ ಚೆನ್ನಾಗಿ ಗೊತ್ತು, ಕಾರಿನ ಗ್ಯಾರೇಜಿನಲ್ಲೇ ಮಾಡಿಸಬೇಕೆಂದಿಲ್ಲ.

ವೆಲ್ಡ್ ಮಾಡುವಾಗ ಬಂಗ್‌ನೊಳಗೆ ಹಳೆಯ, ಕೆಟ್ಟ ಸೆನ್ಸರಿನ ಬಾಡಿ ತಿರುಗಿಸಿಟ್ಟರೆ ಬಿಸಿಗೆ ಬಂಗ್ ಸೊಟ್ಟಗಾಗುವುದಿಲ್ಲ. ಹೊಸ ಸೆನ್ಸರ್ ಇಡುವುದು ಅದನ್ನು ಕೊಂದಂತೆಯೇ. ನಾಲ್ಕು ಕಡೆ ಟಾಕಾ ಹಾಕಿ, ಎದುರುಬದುರು ಸ್ವಲ್ಪಸ್ವಲ್ಪವೇ ತುಂಬಿಸಿ, ಪೂರ್ತಿ ತಣಿದ ಮೇಲೆ ಎಂ18×1.5 ಟ್ಯಾಪನ್ನು ಇನ್ನೊಮ್ಮೆ ಓಡಿಸಿ ಥ್ರೆಡ್ ಶುದ್ಧ ಮಾಡಬೇಕು. ಸೆನ್ಸರ್ ಕೈಯಲ್ಲೇ ಕೊನೆತನಕ ತಿರುಗಬೇಕು. ಪಾನಾದಲ್ಲಿ ಒತ್ತಿ ತಿರುಗಿಸುವ ಸ್ಥಿತಿಯಿದ್ದರೆ ಒಂದು ದಿನ ತೆಗೆಯುವಾಗ ಥ್ರೆಡ್ ಸಮೇತ ಬರುತ್ತದೆ. ಬಿಗಿ 40ರಿಂದ 60 ನ್ಯೂಟನ್ ಮೀಟರ್. ಹೊಸ ಸೆನ್ಸರಿನ ಥ್ರೆಡ್ಡಿಗೆ ಕಂಪನಿಯೇ ಗ್ರೀಸ್ ಹಚ್ಚಿರುತ್ತದೆ. ಮತ್ತೆ ಹಾಕುವಾಗ ಮಾತ್ರ ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ, ಹೆಚ್ಚು ಬಿಸಿ ತಡೆಯುವ ಆ್ಯಂಟಿ–ಸೀಜ್ ಥ್ರೆಡ್ಡಿಗೆ ಒಂದಿಷ್ಟು, ತುದಿಗೆ ಒಂದು ಚೂರೂ ಬೇಡ. ಸೋರಿಕೆ ನಿಲ್ಲಿಸಲು ಸಾಧಾರಣ ಸಿಲಿಕೋನ್ ಗಮ್ ಬಳಿಯುವುದು ಬೇಡವೇ ಬೇಡ. ಸಿಲಿಕೋನಿನ ಆವಿ ಸೆನ್ಸರಿನ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ, ಅದಕ್ಕೆ ಔಷಧ ಇಲ್ಲ.

ಇಜಿಟಿ: ಮುರಿದರೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಯೋಚಿಸಿ

ಹೊಗೆಯ ಬಿಸಿ ಅಳೆಯಲು ಕೆ–ಟೈಪ್ ಥರ್ಮೋಕಪಲ್. ಎರಡು ಬೇರೆ ಲೋಹಗಳ ತಂತಿ ಒಂದು ಕಡೆ ಸೇರಿದ್ದು, ಅಲ್ಲಿ ಬಿಸಿಯಾದಾಗ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಹುಟ್ಟುತ್ತದೆ. ಹೊರಗಿನ ಕವಚ ಇಂಕೊನೆಲ್ 600 ಇರಲಿ. ಜಾಗ ಮ್ಯಾನಿಫೋಲ್ಡಿನ ಕಲೆಕ್ಟರ್, ಅಂದರೆ ಎಲ್ಲ ರನ್ನರ್‌ಗಳು (ಒಂದೊಂದು ಸಿಲಿಂಡರಿನ ಹೊಗೆ ಕೊಳವೆ) ಸೇರಿ ಟರ್ಬೊದ ಫ್ಲ್ಯಾಂಜ್ ಕಡೆ ಹೋಗುವ ಕುತ್ತಿಗೆ. ಟರ್ಬೈನ್ ಚಕ್ರ ತಡೆಯಬೇಕಾದ ಬಿಸಿ ಅಲ್ಲಿಯದೇ. ಟರ್ಬೊ ಆಚೆ ಹಾಕಿದರೆ ನೂರರಿಂದ ಇನ್ನೂರು ಡಿಗ್ರಿ ಕಡಿಮೆ ತೋರಿಸುತ್ತದೆ. ಆ ವ್ಯತ್ಯಾಸವೂ ಬೂಸ್ಟಿಗೆ ತಕ್ಕಂತೆ ಬದಲಾಗುವುದರಿಂದ ಕೂಡಿಸಿ ಲೆಕ್ಕ ಹಾಕುವುದಕ್ಕೂ ಬರುವುದಿಲ್ಲ.

ಪ್ರತಿ ಸಿಲಿಂಡರಿಗೆ ಒಂದೊಂದು ಹಾಕುವವರಿದ್ದಾರೆ. ಹಾಗೆ ಮಾಡುವುದಾದರೆ ನಾಲ್ಕೂ ಪ್ರೋಬ್ ಪೋರ್ಟ್ ಫ್ಲ್ಯಾಂಜಿನಿಂದ ಒಂದೇ ದೂರದಲ್ಲಿ, ಒಂದೇ ಆಳದಲ್ಲಿ ಇರಬೇಕು. 25ರಿಂದ 40 ಮಿ.ಮೀ. ಒಳ್ಳೆಯದು. ಒಂದು 25ಕ್ಕೆ, ಇನ್ನೊಂದು 60ಕ್ಕೆ ಇದ್ದರೆ ಸಿಲಿಂಡರ್‌ಗಳ ವ್ಯತ್ಯಾಸವನ್ನಲ್ಲ, ನಿಮ್ಮ ಡ್ರಿಲ್‌ನ ವ್ಯತ್ಯಾಸವನ್ನು ಅಳೆದಂತಾಯಿತು. ರನ್ನರಿನಲ್ಲಿ ಹೊಗೆ ಬಿಟ್ಟುಬಿಟ್ಟು ಬರುವುದರಿಂದ ಅಲ್ಲಿನ ಅಂಕಿ ಸಾಮಾನ್ಯವಾಗಿ ಕಲೆಕ್ಟರಿನದಕ್ಕಿಂತ ಕಡಿಮೆ ಇರುತ್ತದೆ. ಅದನ್ನೇ ಕಲೆಕ್ಟರಿನ ಮಿತಿಗೆ ಹೋಲಿಸಿ ಸಮಾಧಾನಪಟ್ಟುಕೊಳ್ಳಬಾರದು.

ಪ್ರೋಬಿನ ತುದಿ ಪೈಪಿನ ನಟ್ಟನಡುವಿಗೆ ಹೋದರೆ ಸಾಕು, ಅದರಾಚೆ ಚಾಚಬೇಡಿ. 3 ಮಿ.ಮೀ. ಕವಚ ಬೇಗ ಉತ್ತರ ಕೊಡುತ್ತದೆ, 6 ಮಿ.ಮೀ. ನಿಧಾನ ಆದರೆ ಗಟ್ಟಿ. ಟರ್ಬೊಗೆ ಎದುರಾಗಿ ಇರುವ ಏಕೈಕ ಪ್ರೋಬ್ ಆದರೆ 6 ಮಿ.ಮೀ. ಆರಿಸುವುದು ನಮ್ಮ ಸಲಹೆ. ಸಪೂರದ್ದು ಕಂಪನಕ್ಕೆ ಬುಡದಲ್ಲಿ ಮುರಿದರೆ ತುಂಡು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಚಕ್ರಕ್ಕೆ ಹೋಗುತ್ತದೆ. ಒಂದೆರಡು ಸೆಕೆಂಡ್ ಬೇಗ ಅಂಕಿ ಸಿಗುತ್ತದೆಂದು ಟರ್ಬೊ ಪಣಕ್ಕಿಡಬೇಕಾಗಿಲ್ಲ. ಹೇಗಿದ್ದರೂ ಘಾಟಿಯಲ್ಲಿ ನೋಡಬೇಕಾದದ್ದು ನಿಮಿಷಗಟ್ಟಲೆ ಏರಿ ನಿಲ್ಲುವ ಬಿಸಿ.

ಫಿಟಿಂಗ್ ಸ್ಟೇನ್‌ಲೆಸ್ ಕಂಪ್ರೆಶನ್ ಫಿಟಿಂಗ್ ಆಗಿರಬೇಕು. ಹಿತ್ತಾಳೆ ಕರಗುವುದು ಸುಮಾರು 900ರ ಆಚೀಚೆ, ಮ್ಯಾನಿಫೋಲ್ಡ್ ಅಲ್ಲಿಗೇ ಬಂದಿರುತ್ತದೆ. ಫಿಟಿಂಗಿನೊಳಗಿನ ಫೆರೂಲ್ ಎಂಬ ಸಣ್ಣ ಬಳೆ ಒಮ್ಮೆ ಬಿಗಿದರೆ ಪ್ರೋಬನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ಆಳ ಬದಲಿಸಲಾಗುವುದಿಲ್ಲ. ಬಿಗಿಯುವ ಮೊದಲೇ ಪ್ರೋಬಿನ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿಕೊಳ್ಳಿ.

ಮ್ಯಾನಿಫೋಲ್ಡ್ ಬೀಡಿನದಾದರೆ (ಎರಕದ ಕಬ್ಬಿಣ) ವೆಲ್ಡಿಂಗ್ ಬೇಡ, ದಪ್ಪವಿರುವ ಜಾಗ ಹುಡುಕಿ ನೇರ ಕೊರೆದು ಟ್ಯಾಪ್ ಹೊಡೆಯಿರಿ. ಬೀಡನ್ನು ಒಣಗಿಯೇ ಕೊರೆಯಬೇಕು. ಎಣ್ಣೆ ಹಾಕಿದರೆ ಹುಡಿ ಕೆಸರಾಗಿ ಅಂಟುತ್ತದೆ. ಸ್ಟೇನ್‌ಲೆಸ್‌ಗೆ ಅದಕ್ಕೆ ವಿರುದ್ಧ: ನಿಧಾನ ವೇಗ, ಗಟ್ಟಿ ಒತ್ತು, ಧಾರಾಳ ಎಣ್ಣೆ. ಹಗುರ ಒತ್ತಿನಲ್ಲಿ ಉಜ್ಜುತ್ತಾ ಕೂತರೆ ಸ್ಟೇನ್‌ಲೆಸ್ ಗಡುಸಾಗಿ ಬಿಟ್ಟನ್ನೇ ತಿನ್ನುತ್ತದೆ. ಎರಡೂ ಕೆಲಸಕ್ಕೆ ಮ್ಯಾನಿಫೋಲ್ಡ್ ಟೇಬಲ್ ಮೇಲಿರಬೇಕು. ‘ಬಿಟ್ಟಿಗೆ ಗ್ರೀಸ್ ಹಚ್ಚಿ ಕಾರಿನಲ್ಲೇ ಕೊರೆದರೆ ಹುಡಿ ಅಂಟಿಕೊಳ್ಳುತ್ತದೆ’ ಎನ್ನುವವರು ಸಿಗುತ್ತಾರೆ. ಹುಡಿಯ ಹೆಚ್ಚುಪಾಲು ಅಂಟಿಕೊಳ್ಳುವುದು ನಿಜ, ಟರ್ಬೈನ್ ಬ್ಲೇಡಿಗೆ ಉಳಿದ ಪಾಲು ಸಾಕು ಮಾರಾಯ್ರೇ.

ಕೆಲವು ಎಂಜಿನ್‌ಗಳಲ್ಲಿ, ಫೋಕ್ಸ್‌ವ್ಯಾಗನ್–ಸ್ಕೋಡಾದ 1.0 ಟಿಎಸ್‌ಐನಂಥವುಗಳಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿನೊಳಗೇ ಎರಕವಾಗಿದೆ, ಸುತ್ತ ಕೂಲಂಟ್ ಹರಿಯುತ್ತದೆ. ಅಲ್ಲಿ ಡ್ರಿಲ್ ಮುಟ್ಟಿಸುವ ಮಾತೇ ಇಲ್ಲ. ಟರ್ಬೊ ಆಚೆಯ ಅಂಕಿಯಲ್ಲೇ ತೃಪ್ತಿಪಡಬೇಕು, ಮಿತಿಯನ್ನು ಅದಕ್ಕೆ ತಕ್ಕಂತೆ ಕೆಳಗಿಟ್ಟುಕೊಳ್ಳಬೇಕು.

ಮಿತಿ ಎಷ್ಟು? ಅದು ಟರ್ಬೊದ ಲೋಹ ಹೇಳುತ್ತದೆ. ಸಾಧಾರಣ ಡಕ್ಟೈಲ್ ಕಬ್ಬಿಣದ ಟರ್ಬೈನ್ ಹೌಸಿಂಗ್‌ಗೆ 760 ಡಿಗ್ರಿ ಆಸುಪಾಸು, ಸ್ಟೇನ್‌ಲೆಸ್ ಎರಕದ್ದಾದರೆ ಸಾವಿರದ ಮೇಲೂ ತಡೆಯುತ್ತದೆ. ಪೆಟ್ರೋಲ್ ಕಾರುಗಳಲ್ಲಿ 950ರ ಹತ್ತಿರ ಹೋದರೆ ಕಾಲು ಸಡಿಲಿಸುವುದು, ಡೀಸೆಲ್‌ಗಳಲ್ಲಿ 750ರ ಮೇಲೆ ಬಹಳ ಹೊತ್ತು ನಿಲ್ಲದಂತೆ ನೋಡುವುದು ಎಚ್ಚರದ ಲೆಕ್ಕ. ಬಿಸಿ ಏರಿದ ಮಾತ್ರಕ್ಕೆ ಪೆಟ್ರೋಲ್ ಕಡಿಮೆಯಾಯಿತು ಎಂದೂ ತೀರ್ಮಾನಿಸಬೇಡಿ. ಇಗ್ನಿಷನ್ ಟೈಮಿಂಗ್ ತಡವಾದರೂ ಪೆಟ್ರೋಲ್ ಎಂಜಿನ್ನಿನಲ್ಲಿ ಹೊಗೆ ಬಿಸಿಯಾಗುತ್ತದೆ. ಲ್ಯಾಂಬ್ಡಾ ಅಂಕಿಯ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಇಜಿಟಿಗೆ ಅರ್ಥ.

ಬ್ಯಾಕ್ ಪ್ರೆಶರ್

ಟರ್ಬೈನ್‌ನ ಮೊದಲು ಎಷ್ಟು ಒತ್ತಡ ನಿಂತಿದೆ ಎಂದು ಗೊತ್ತಾದರೆ ಟರ್ಬೊ ಎಂಜಿನ್ನಿಗೆ ಸಾಕಾಗುತ್ತದೋ ಇಲ್ಲವೋ ಎಂದು ಗೊತ್ತಾಗುತ್ತದೆ. ಬೂಸ್ಟ್ 1.2 ಬಾರ್, ಮ್ಯಾನಿಫೋಲ್ಡಿನಲ್ಲಿ 1.8 ಬಾರ್ ಇದ್ದರೆ ಪ್ರಮಾಣ 1.5, ರಸ್ತೆ ಕಾರಿಗೆ ಸರಿಯೇ. 2ರ ಮೇಲೆ ಹೋದರೆ ಟರ್ಬೈನ್ ಕತ್ತು ಹಿಸುಕುತ್ತಿದೆ ಎಂದರ್ಥ, ಬೂಸ್ಟ್ ಇನ್ನೂ ಏರಿಸಿದರೆ ಶಕ್ತಿಗಿಂತ ಬಿಸಿಯೇ ಹೆಚ್ಚುತ್ತದೆ. ಸೆನ್ಸರ್ ಕೊಳ್ಳುವಾಗ ಈ ಲೆಕ್ಕ ಬೇಕು: 1.5 ಬಾರ್ ಬೂಸ್ಟಿಗೆ ಪ್ರಮಾಣ 2 ಆದರೆ ಗೇಜಿನ ಲೆಕ್ಕದಲ್ಲಿ 3 ಬಾರ್, ವಾತಾವರಣ ಸೇರಿಸಿ 4. ಮೂರು ಬಾರ್‌ವರೆಗೆ ಅಳೆಯುವ ಮ್ಯಾಪ್ ಸೆನ್ಸರ್ (ವಾತಾವರಣ ಸೇರಿಸಿ ಒತ್ತಡ ಅಳೆಯುವಂಥದು) ಅಲ್ಲಿ ತುದಿ ಮುಟ್ಟಿ ನಿಲ್ಲುತ್ತದೆ.

ಸೆನ್ಸರನ್ನು ನೇರ ಮ್ಯಾನಿಫೋಲ್ಡಿಗೆ ತಿರುಗಿಸಿದರೆ ಅರ್ಧ ಗಂಟೆ ಬಾಳದು. ಮಧ್ಯೆ ಲೋಹದ ನಳಿಕೆ ಬೇಕು, ಕನಿಷ್ಠ 30ರಿಂದ 50 ಸೆಂ.ಮೀ., ಒಂದೆರಡು ಸುರುಳಿ ಸುತ್ತಿ. ತಾಮ್ರ ಸುಲಭವಾಗಿ ಬಗ್ಗುತ್ತದೆ ಎಂದು ಬಳಸುತ್ತಾರೆ, ಆದರೆ ಕಂಪನಕ್ಕೆ ಅದು ಗಡುಸಾಗಿ ಕುತ್ತಿಗೆಯಲ್ಲಿ ಬಿರಿಯುತ್ತದೆ. ಬ್ರೇಕಿನ ಉಕ್ಕಿನ ನಳಿಕೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. 6 ಮಿ.ಮೀ. ಸ್ಟೇನ್‌ಲೆಸ್ ನಳಿಕೆ ಒಮ್ಮೆ ಹಾಕಿದರೆ ಮರೆತುಬಿಡಬಹುದು, ಡೀಸೆಲಿನ ಮಸಿಗೂ ಅಷ್ಟು ಬೇಗ ಕಟ್ಟಿಕೊಳ್ಳುವುದಿಲ್ಲ. ನಳಿಕೆ ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆಯೇ ಸಿಲಿಕೋನ್ ಹೋಸ್. ಸೆನ್ಸರ್ ತೂತಿಗಿಂತ ಎತ್ತರದಲ್ಲಿರಲಿ, ಒಳಗೆ ಹನಿಗಟ್ಟಿದ ನೀರು ಮ್ಯಾನಿಫೋಲ್ಡಿಗೇ ಇಳಿಯುತ್ತದೆ. ಕೊರೆದ ತೂತಿನ ಒಳ ಅಂಚಿನಲ್ಲಿ ಲೋಹದ ಸಿಬಿರು ಉಳಿಯಬಾರದು, ನಳಿಕೆಯ ತುದಿ ಒಳಗೆ ಚಾಚಬಾರದು. ಚಾಚಿದರೆ ಅದು ಹೊಗೆಯ ವೇಗವನ್ನೂ ಸೇರಿಸಿ ಅಳೆಯುತ್ತದೆ.

ಟರ್ಬೊ ಆಚೆ ಇನ್ನೊಂದು ತೂತು ಮಾಡಿಟ್ಟರೆ ಕ್ಯಾಟ್ ಮತ್ತು ಸೈಲೆನ್ಸರ್ ಎಷ್ಟು ತಡೆಯುತ್ತಿವೆ ಎಂದೂ ನೋಡಬಹುದು. ಒಂದೇ ಕಾರಿನಲ್ಲಿ, ಒಂದೇ ಏರಿನಲ್ಲಿ ತಿಂಗಳಿಂದ ತಿಂಗಳಿಗೆ ಆ ಅಂಕಿ ಏರುತ್ತಿದ್ದರೆ ಕ್ಯಾಟ್ ಕಟ್ಟಿಕೊಳ್ಳುತ್ತಿದೆ.

ಎನ್‌ಪಿಟಿ, ಬಿಎಸ್‌ಪಿ: ಅಂಗಡಿಯಲ್ಲಿ ಆಗುವ ತಪ್ಪು

ಹೊರದೇಶದ ಪ್ರೋಬ್, ಸೆನ್ಸರುಗಳ ಫಿಟಿಂಗ್ ಹೆಚ್ಚಾಗಿ 1/8 ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್. ಬಂದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಒಂದೆಂಟು’ ಎಂದು ಕೇಳಿದರೆ ಕೈಗೆ ಬರುವುದು ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ. ನೋಡಲು ಅವಳಿಜವಳಿ. ಎನ್‌ಪಿಟಿಗೆ ಇಂಚಿಗೆ 27 ಥ್ರೆಡ್, ಕೋನ 60 ಡಿಗ್ರಿ. ಬಿಎಸ್‌ಪಿಗೆ 28 ಥ್ರೆಡ್, ಕೋನ 55. ಒಂದನ್ನು ಇನ್ನೊಂದಕ್ಕೆ ತಿರುಗಿಸಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ, ಕೂತಿತು ಎಂದೇ ಅನಿಸುತ್ತದೆ. ಬಿಸಿಯಾಗಿ ತಣಿದು ನಾಲ್ಕು ದಿನಕ್ಕೆ ಸೀಟಿ ಹೊಡೆಯಲು ಶುರು. ಪಿಚ್ ಗೇಜ್ ಇಲ್ಲದಿದ್ದರೆ ಸರಿಯಾದದ್ದೆಂದು ಗೊತ್ತಿರುವ ಫಿಟಿಂಗ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹೊಸದರ ಥ್ರೆಡ್ಡಿಗೆ ತಾಗಿಸಿ ಬೆಳಕಿಗೆ ಹಿಡಿದು ನೋಡಿ.

1/8 ಎನ್‌ಪಿಟಿಗೆ ಬಿಟ್ 8.5 ಮಿ.ಮೀ. ಈ ಥ್ರೆಡ್ ಒಳಗೆ ಹೋದಂತೆ ಸಣ್ಣದಾಗುವ ಜಾತಿ. ಟ್ಯಾಪನ್ನು ಪೂರ್ತಿ ಇಳಿಸಿಬಿಟ್ಟರೆ ತೂತು ದೊಡ್ಡದಾಗಿ ಫಿಟಿಂಗ್ ಬಿಗಿಯಾಗುವುದೇ ಇಲ್ಲ. ಸ್ವಲ್ಪ ಇಳಿಸಿ, ಟ್ಯಾಪ್ ತೆಗೆದು, ಫಿಟಿಂಗ್ ತಿರುಗಿಸಿ ನೋಡುತ್ತಾ ಹೋಗಬೇಕು. ಕೈಯಲ್ಲಿ ಮೂರು ಸುತ್ತು ಹೋದರೆ ನಿಲ್ಲಿಸಿ. ಒಂದೂವರೆ–ಎರಡು ಮಿ.ಮೀ. ದಪ್ಪದ ಪೈಪಿನಲ್ಲಿ ಇಷ್ಟು ಥ್ರೆಡ್ ಸಿಗುವುದಿಲ್ಲ, ಬಾಸ್ (ಬಂಗ್‌ನಂಥದೇ ದಪ್ಪ ಲೋಹದ ತುಂಡು) ವೆಲ್ಡ್ ಮಾಡಿಯೇ ಆಗಬೇಕು. ಬಿಳಿ ಟೆಫ್ಲಾನ್ ಟೇಪ್ ಬಾವಿಯ ಪಂಪಿಗೆ. ಎಕ್ಸಾಸ್ಟಿನ ಬಿಸಿಗೆ ಅದು ಸುಟ್ಟು ಹೋಗುತ್ತದೆ; ಇಲ್ಲಿ ನಿಕ್ಕಲ್ ಆ್ಯಂಟಿ–ಸೀಜ್ ಸಾಕು.

ವೈರ್, ಮಳೆ, ಉಪ್ಪು

ವೈಡ್‌ಬ್ಯಾಂಡಿನ ಕನೆಕ್ಟರ್ ಕತ್ತರಿಸಬೇಡಿ. ಆ ಸೆನ್ಸರಿನ ಮಾಪನಾಂಕ ಹೇಳುವ ರೆಸಿಸ್ಟರ್ ಕನೆಕ್ಟರಿನೊಳಗೇ ಕೂತಿದೆ. ಉದ್ದ ಸಾಲದಿದ್ದರೆ ಕಂಟ್ರೋಲರಿನ ಕಡೆಯ ಕೇಬಲ್ ಉದ್ದ ಮಾಡಿ. ಸೆನ್ಸರಿನ ಹಿಂಭಾಗ ಹೊರಗಿನ ಗಾಳಿಗೆ ತೆರೆದಿರುತ್ತದೆ, ಅದು ಶುದ್ಧವಾಗಿರಬೇಕು. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲೆಂದು ಕಾರಿನ ಅಡಿಗೆ ಎಣ್ಣೆ ಹೊಡೆಸುವ ರೂಢಿ ಇರುವವರು ಅಂದು ಸೆನ್ಸರಿನ ಕುತ್ತಿಗೆ ಮತ್ತು ಕನೆಕ್ಟರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಕು. ಎಣ್ಣೆಯ ಆವಿ ಒಳಹೊಕ್ಕರೆ ಅಂಕಿ ಜಾರುತ್ತದೆ, ಕಾರಣ ತಿಳಿಯದೆ ಸೆನ್ಸರ್ ಬದಲಿಸುತ್ತಾ ಕೂರುತ್ತೇವೆ.

ಕನೆಕ್ಟರಿಗೆ ಏರುವ ವೈರ್ ಮೊದಲು ಒಂದು ಬಾಗು ಕೆಳಗಿಳಿದು ಆಮೇಲೆ ಏರಲಿ. ಮನೆಯ ಮೀಟರಿಗೆ ಬರುವ ಸರ್ವಿಸ್ ವೈರಿನ ಹಾಗೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಈ ಒಂದು ಬಾಗು ದುಬಾರಿ ವಾಟರ್‌ಪ್ರೂಫ್ ಟೇಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆಟಿ ತಿಂಗಳ ಮಳೆಗೆ ರಸ್ತೆ ತುಂಬಿ ನಿಂತಿರುವಾಗ ಬೂಸ್ಟ್‌ನಲ್ಲಿ ಓಡಿ ಬಂದ ಕಾರನ್ನು ನೇರ ನೀರಿಗಿಳಿಸಬೇಡಿ. ಕಾದ ಸೆನ್ಸರಿನ ಮೈಗೆ ತಣ್ಣೀರು ಬಿದ್ದರೂ ಸಿರಾಮಿಕ್ಕಿಗೆ ಅಪಾಯವೇ. ಪಣಂಬೂರು, ಮಲ್ಪೆ ಕಡಲತೀರಕ್ಕೆ ಹೋಗಿ ಬಂದು ಅಡಿ ತೊಳೆಸುವುದು ಒಳ್ಳೆಯ ಅಭ್ಯಾಸ, ಎಂಜಿನ್ ತಣಿದ ಮೇಲೆ.

ಪೈಪಿಗೆ ಸುತ್ತುವ ಹೀಟ್ ರ‍್ಯಾಪ್ ಈ ಕರಾವಳಿಗೆ ಹೇಳಿದ್ದಲ್ಲ. ಅದು ಉಪ್ಪುನೀರನ್ನು ಹೀರಿ ಪೈಪಿಗೆ ಒತ್ತಿ ಹಿಡಿಯುತ್ತದೆ, ಮೈಲ್ಡ್ ಸ್ಟೀಲ್ ಒಳಗೊಳಗೇ ತಿಂದುಹೋಗುತ್ತದೆ. ಬಂಗ್‌ನ ಸುತ್ತ ಸುತ್ತಿದರೆ ಸೆನ್ಸರಿನ ಷಟ್ಕೋನವೂ ಮಿತಿ ಮೀರಿ ಕಾಯುತ್ತದೆ. ತಗಡಿನ ಹೀಟ್ ಶೀಲ್ಡ್, ನಡುವೆ ಸ್ವಲ್ಪ ಗಾಳಿ, ಅಷ್ಟೇ ಸಾಕು.

ಥರ್ಮೋಕಪಲ್ ವೈರನ್ನು ಸಾಧಾರಣ ತಾಮ್ರದ ವೈರಿನಿಂದ ಉದ್ದ ಮಾಡಿದರೆ ಜೋಡಣೆಯ ಜಾಗದ ಬಿಸಿ ಲೆಕ್ಕದಿಂದ ಕಳೆದುಹೋಗುತ್ತದೆ. ಜೋಡಣೆ ಬಾನೆಟ್ಟಿನೊಳಗೆ 80 ಡಿಗ್ರಿಯಲ್ಲಿ, ಗೇಜ್ ಒಳಗೆ 30ರಲ್ಲಿ ಇದ್ದರೆ ಸುಮಾರು 50 ಡಿಗ್ರಿ ಕಡಿಮೆ ತೋರಿಸುತ್ತದೆ. ಕೆ–ಟೈಪ್ ವೈರನ್ನೇ, ಅದರದ್ದೇ ಕನೆಕ್ಟರನ್ನೇ ಬಳಸಿ. ಬಣ್ಣದಲ್ಲಿ ಎಡವಬೇಡಿ: ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್, ಐಇಸಿ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಕೆಂಪು ಕಂಡ ಕೂಡಲೇ ಪ್ಲಸ್ ಎಂದು ಹಾಕುವುದು ಎಲೆಕ್ಟ್ರೀಷಿಯನ್‌ರ ಕೈಗೆ ಬಂದ ಅಭ್ಯಾಸ. ಎಂಜಿನ್ ಕಾದಂತೆ ಅಂಕಿ ಇಳಿಯುತ್ತಿದ್ದರೆ ಅದೇ ಆಗಿದೆ.

ವೈಡ್‌ಬ್ಯಾಂಡಿನ ಅನಲಾಗ್ ವೈರನ್ನು ಇಸಿಯುಗೆ ಕೊಡುವಾಗ ನೆಲದ ವೈರನ್ನೂ ಇಸಿಯುವಿನ ಸೆನ್ಸರ್ ಗ್ರೌಂಡಿಗೇ ಸೇರಿಸಬೇಕು. 0ರಿಂದ 5 ವೋಲ್ಟಿಗೆ ಎಎಫ್‌ಆರ್ (ಗಾಳಿ–ಇಂಧನದ ತೂಕದ ಪ್ರಮಾಣ) 10ರಿಂದ 20 ಎಂದು ಹೊಂದಿಸಿದ್ದರೆ, ಬಾಡಿಯ ಯಾವುದೋ ಬೋಲ್ಟಿಗೆ ಕಟ್ಟಿದ ನೆಲದಲ್ಲಿ 0.1 ವೋಲ್ಟ್ ವ್ಯತ್ಯಾಸ ಬಂದರೂ ಎಎಫ್‌ಆರ್ 0.2 ತಪ್ಪುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ 0.1 ವೋಲ್ಟ್ ದೊಡ್ಡ ಮಾತಲ್ಲ.

ಹಾಕಿದ ಮೇಲೆ ಪರೀಕ್ಷೆ

ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಎಲ್ಲ ತಣ್ಣಗಿರುವಾಗ, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರಿನ ತುದಿಗೆ ಬಟ್ಟೆ ಸುತ್ತಿ ಇಟ್ಟು ಪ್ರತಿ ಜೋಡಣೆಗೆ ಸೋಪಿನ ನೀರು ಬಳಿಯಿರಿ. ಗುಳ್ಳೆ ಬಂದ ಕಡೆ ಸೋರಿಕೆ.

ವೈಡ್‌ಬ್ಯಾಂಡನ್ನು ಪೈಪಿಗೆ ಹಾಕುವ ಮೊದಲು ಗಾಳಿಯಲ್ಲಿ ತೂಗುಹಾಕಿ ಆನ್ ಮಾಡಿದರೆ ಆಮ್ಲಜನಕ 20.9 ಶೇಕಡಾ ತೋರಿಸಬೇಕು. ಹಾಕಿದ ಮೇಲೆ, ಬಿಸಿಯಾದ ಎಂಜಿನ್ ಐಡ್ಲಿಂಗ್‌ನಲ್ಲಿ ಲ್ಯಾಂಬ್ಡಾ 1ರ ಸುತ್ತ ಇರಬೇಕು. 1.05 ಎಂದು ತೋರಿಸುತ್ತಿದ್ದು, ಕಂಪನಿ ಸೆನ್ಸರಿನ ಫ್ಯುಯೆಲ್ ಟ್ರಿಮ್ (ಇಸಿಯು ಇಂಧನಕ್ಕೆ ಮಾಡುವ ಹೆಚ್ಚು–ಕಡಿಮೆ) ಸೊನ್ನೆಯ ಹತ್ತಿರವೇ ಇದ್ದರೆ 2,500 ಆರ್‌ಪಿಎಂ ಹಿಡಿದು ನೋಡಿ. ವ್ಯತ್ಯಾಸ ಕಡಿಮೆಯಾದರೆ ಎರಡು ಸೆನ್ಸರುಗಳ ನಡುವೆ ಎಲ್ಲೋ ಗಾಳಿ ಒಳಬರುತ್ತಿದೆ. ಘಾಟಿ ಇಳಿಯುವಾಗ ಕಾಲು ತೆಗೆದರೆ ಇಂಜೆಕ್ಟರ್ ನಿಂತು ಗೇಜ್ ತಟ್ಟನೆ ಲೀನ್ ತುದಿಗೆ ಓಡಬೇಕು; ತೆವಳಿಕೊಂಡು ಹೋದರೆ ತುದಿ ಬಂಗ್‌ನ ಬಾವಿಯಲ್ಲಿದೆ ಅಥವಾ ಟೊಪ್ಪಿ ಮಸಿ ಹಿಡಿದಿದೆ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೂ ಲೀನ್ ತೋರಿಸುತ್ತದೆ ಎಂಬುದು ನೆನಪಿರಲಿ. ಉರಿಯದ ಪೆಟ್ರೋಲನ್ನು ಸೆನ್ಸರ್ ಸರಿಯಾಗಿ ಕಾಣುವುದಿಲ್ಲ, ಉಳಿದ ಆಮ್ಲಜನಕವನ್ನು ಕಾಣುತ್ತದೆ.

ಗೇಜನ್ನು ಎಎಫ್‌ಆರ್ ಬದಲು ಲ್ಯಾಂಬ್ಡಾದಲ್ಲಿ ಇಟ್ಟುಕೊಳ್ಳಿ. 14.7 ಎಂಬುದು ಎಥನಾಲ್ ಇಲ್ಲದ ಪೆಟ್ರೋಲಿನ ಲೆಕ್ಕ, ಶೇ. 20 ಎಥನಾಲ್ ಬೆರೆಸಿದ ಇ20ಕ್ಕೆ ಅದು ಸುಮಾರು 13.5. ಸೆನ್ಸರ್ ಅಳೆಯುವುದು ಲ್ಯಾಂಬ್ಡಾ ಮಾತ್ರ, ಗೇಜ್ ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ ಅಷ್ಟೆ. ಬಂಕಿನಲ್ಲಿ ಯಾವ ಪೆಟ್ರೋಲ್ ಹಾಕಿದರೂ ಲ್ಯಾಂಬ್ಡಾ 0.80 ಎಂದರೆ 0.80.

ಬಂಗ್ ಹಾಕಿಸುವ ನೆಪದಲ್ಲಿ ಕ್ಯಾಟ್ ತೆಗೆದುಹಾಕಿಸುವ ಸಲಹೆ ಬಂದರೆ ಬೇಡ ಎನ್ನಿ. ಬಿಎಸ್6 ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಕಾನೂನಿನ ತೊಡಕು ಬೇರೆ.

ಐನೂರು ಕಿಲೋಮೀಟರ್ ಓಡಿದ ಮೇಲೆ, ತಣ್ಣಗಿರುವಾಗ, ಎಲ್ಲ ಫಿಟಿಂಗ್‌ಗಳ ಬಿಗಿ ಮತ್ತೊಮ್ಮೆ ನೋಡಿ. ವೆಲ್ಡಿನ ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಅಲ್ಲಿ ಹೊಗೆ ನುಸುಳುತ್ತಿದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಇಜಿಟಿ ಪ್ರೋಬ್ ಹೊರತೆಗೆದು ಬುಡದಲ್ಲಿ ಸವೆತ, ಬಿರುಕು ನೋಡಿ ಹಾಕಿ. ಎಂ18×1.5ರ ಒಂದು ಪ್ಲಗ್, 1/8 ಎನ್‌ಪಿಟಿಯ ಎರಡು ಸ್ಟೇನ್‌ಲೆಸ್ ಪ್ಲಗ್ ಡಿಕ್ಕಿಯಲ್ಲಿರಲಿ. ಆಗುಂಬೆಯ ತಿರುವಿನಲ್ಲಿ ಸೆನ್ಸರ್ ಕೈಕೊಟ್ಟರೆ ಎಂಜಿನ್ ತಣಿಯಲು ಬಿಟ್ಟು ತೂತು ಮುಚ್ಚಿ ಮನೆಗೆ ಬರಬಹುದು.